ಸ್ತಂಭವೃಕ್ಷ

ಸೂಚಿಪರ್ಣಿ ವೃಕ್ಷಗಳೆಂದೊಡನೆ ನಮ್ಮ ಮನಸ್ಸು ಹಿಮಾಲಯದ ಕಡೆಗೆ ಓಡುತ್ತದೆ. ದೇವದಾರು, ಸರಳ ಎಂಬ ಹೆಸರುಗಳು ಕನ್ನಡಿಗರಾದ ನಮಗೆ ಕಣ್ಣಿನ ಮೂಲಕ ಬಂದವಲ್ಲ, ಕಾವ್ಯದ ಮೂಲಕ ಕಿವಿಗೆ ಬಂದವು. ಶಿವನು ಮಗನೆಂದು ಭಾವಿಸಿದ, ಪಾರ್ವತಿಯು ತಾನೇ ನೀರೆರೆದು ಸಾಕಿದ ದೇವದಾರು ವೃಕ್ಷವೊಂದರ ಪ್ರಸಂಗವು ಕಾಳಿದಾಸನ 'ರಘುವಂಶ'ದ ಎರಡನೆಯ ಸರ್ಗದಲ್ಲಿ ಬರುತ್ತದೆ. ಅದನ್ನು ಓದಿ ಮೆಚ್ಚಿದವರಲ್ಲಿ ಆ ಮರವನ್ನು ಅದರ ನೆಲದಲ್ಲಿ ಕಂಡವರು ನಮ್ಮ ಕಡೆ ಕೆಲವರೇ. ಹೀಗಿರುವುದರಿಂದ, ಸೂಚಿಪರ್ಣಿಗಳೆಲ್ಲವೂ ಹಿಮದ ನಾಡಿನ ಪ್ರಜೆಗಳು, ಬಿಸಿಲಿನ ನಾಡಿಗೂ ಅವಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಜನರಲ್ಲಿ ನೆಲೆಗೊಂಡಿದೆ. ಈ ಭಾವನೆ ಪೂರ್ತಿಯಾಗಿ ನಿಜವಲ್ಲ. ಉಷ್ಣವಲಯದಲ್ಲಿಯೇ ಹುಟ್ಟಿ, ವರ್ಷವೆಲ್ಲ ಹಸಿರಾಗಿದ್ದು, ಇನ್ನೂರು ಅಡಿಗಳವರೆಗೂ ಬೆಳೆಯುವ ಸೂಚಿಪರ್ಣಿಯೊಂದು ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೇ ನಿಂತಿದೆ. ಆ ಮರವನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಜೀವನೋಪಾಯಕ್ಕಾಗಿ ಉತ್ತರಕ್ಕೆ ಬಂದು, ಈಗ ದೆಹಲಿಯ ಲಕ್ಷ್ಮೀ ನಗರದಲ್ಲಿ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಕಲಿಸುತ್ತಿರುವವನು ನಾನು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವನಲ್ಲ. ಆದರೆ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು 'ಅನಾವೃತಬೀಜಿ' ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು, ಅದನ್ನು ಬಿಡಿಸಿ, 'ಬೀಜಕ್ಕೆ ಹೊದಿಕೆಯಿಲ್ಲದ್ದು' ಎಂದು ಅರ್ಥ ಹೇಳಿದ ದಿನದಿಂದಲೂ ಆ ಕುಲದ ಮರಗಳ ಮೇಲೆ ನನಗೆ ಒಂದು ಬಗೆಯ ಅಕ್ಕರೆ ಉಳಿದಿದೆ. ಮಾವಿನ ಬೀಜ ಹಣ್ಣಿನೊಳಗೆ ಅಡಗಿರುತ್ತದೆ. ಅವರೆಯ ಬೀಜ ಸೊನೆಗಾಯೊಳಗೆ ಇರುತ್ತದೆ. ಸೂಚಿಪರ್ಣಿಯ ಬೀಜವಾದರೋ ಶಂಕುವಿನ ಹಲ್ಲೆಯ ಮೇಲೆ ಬಯಲಿಗೇ ಕುಳಿತಿರುತ್ತದೆ. ಹೂವಿಲ್ಲ, ಹಣ್ಣಿಲ್ಲ, ಪರಾಗವನ್ನು ಹೊರುವುದಕ್ಕೆ ಜೇನು ಬೇಕಿಲ್ಲ, ಗಾಳಿಯೇ ಸಾಕು. ಹೂಬಿಡುವ ಗಿಡಗಳು ಭೂಮಿಗೆ ಬರುವ ಮೊದಲೇ ಈ ವಂಶ ಭೂಮಿಯನ್ನು ಆಳಿತ್ತು.

ದಕ್ಷಿಣ ಭಾರತದ ಕಾಡುಗಳಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಸೂಚಿಪರ್ಣಿ ಒಂದೇ ಒಂದು. ಅದರ ಹೆಸರು ನಾಗಿಯಾ ವಾಲಿಚಿಯಾನ. ಹಿಂದಿನ ಗ್ರಂಥಗಳಲ್ಲಿ ಅದು ಪೊಡೊಕಾರ್ಪಸ್ ಎಂಬ ಕುಲದಲ್ಲಿ ಎಣಿಕೆಯಾಗಿತ್ತು. ಪಶ್ಚಿಮಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಅಲ್ಲಿಂದಾಚೆ ನ್ಯೂ ಗಿನಿಯವರೆಗೂ ಅದು ಹರಡಿದೆ. ವಿನೋದವೆಂದರೆ, ಸೂಚಿಪರ್ಣಿಯೆಂದು ಕರೆಸಿಕೊಳ್ಳುವ ಆ ಮರಕ್ಕೆ ಸೂಜಿಯಂತಹ ಎಲೆಯೇ ಇಲ್ಲ. ಎಲೆ ಅಗಲವಾಗಿದೆ, ನಡುನರವಿಲ್ಲ, ಬಿದಿರಿನ ಎಲೆಯಂತೆ ನರಗಳೆಲ್ಲ ಸಾಲಾಗಿ ಓಡುತ್ತವೆ. ಶಂಕುವಿಗೆ ಬದಲಾಗಿ, ರಸ ತುಂಬಿ ಉಬ್ಬಿದ ತೊಟ್ಟಿನ ತುದಿಯಲ್ಲಿ ಬೀಜವೊಂದು ಕುಳಿತಿರುತ್ತದೆ. ಕಾಡಿನಲ್ಲಿ ಎದುರಾದರೂ ನೂರು ಮರಗಳ ನಡುವೆ ನೂರೊಂದನೆಯದೆಂದು ತಿಳಿದು ನಾವು ಮುಂದೆ ನಡೆದುಬಿಡುವೆವು. ಒಂದು ಕುಲಕ್ಕೆ ಸೇರಿದವರೆಲ್ಲ ಒಂದೇ ವೇಷದಲ್ಲಿ ಇರಬೇಕೆಂಬ ನಿಯಮ ಪ್ರಕೃತಿಯಲ್ಲಿ ಇಲ್ಲ.

ಲಾಲ್‌ಬಾಗಿನ ಮರ ಹಾಗಲ್ಲ. ಅದನ್ನು ಕಾಣದೆ ಹೋಗುವುದೇ ಕಷ್ಟ. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ, ೧೮೫೬ರಲ್ಲಿ ಸರಕಾರದ ಸಸ್ಯೋದ್ಯಾನವಾದ ಆ ತೋಟಕ್ಕೆ ದೇಶವಿದೇಶಗಳ ಸಸಿಗಳು ಬಂದು ಸೇರಿವೆ. ಜಾನ್ ಕ್ಯಾಮರನ್, ಕ್ರುಂಬಿಗಲ್, ಜವರಾಯ, ಮರಿಗೌಡರಂತಹವರು ತಲೆಮಾರು ತಲೆಮಾರಾಗಿ ಅದನ್ನು ಪೋಷಿಸಿದರು. ಅಲ್ಲಿ ಉಳಿದ ಮರಗಳ ತಲೆಯನ್ನು ಮೀರಿ, ಗೋಪುರವಲ್ಲ, ದೇವಾಲಯದ ಮುಂದಿನ ಗರುಡಗಂಬದಂತೆ ಕಿರಿದಾಗಿ ಮೇಲೆದ್ದ ಕಡುಹಸುರು ಮರಗಳನ್ನು ನೀವೆಲ್ಲರೂ ನೋಡಿರುವಿರಿ. ಊರಿನ ಜನ ಅದಕ್ಕೆ 'ಕ್ರಿಸ್ಮಸ್ ಮರ' ಎಂದು ಹೆಸರಿಟ್ಟು ಸುಮ್ಮನಾಗಿದ್ದಾರೆ. ಶಾಸ್ತ್ರಜ್ಞರು ಅದನ್ನು ಅರಾಕೇರಿಯಾ ಕಾಲಮ್ನಾರಿಸ್ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಅರಾಕೇರಿಯಾ ಕುಕಿಯೈ ಎಂದಿರುತ್ತದೆ. 'ಕಾಲಮ್ನಾರಿಸ್' ಎಂದರೆ ಕಂಬದಂತಹುದು. ಆದುದರಿಂದ ಈ ಲೇಖನದ ಮಟ್ಟಿಗೆ ನಾನು ಅದನ್ನು 'ಸ್ತಂಭವೃಕ್ಷ'ವೆಂದು ಕರೆಯುತ್ತೇನೆ.

ಅದರ ತವರು ಆಸ್ಟ್ರೇಲಿಯದ ಪೂರ್ವಕ್ಕೆ ಶಾಂತಸಾಗರದಲ್ಲಿರುವ ನ್ಯೂ ಕ್ಯಾಲೆಡೋನಿಯ ಎಂಬ ದ್ವೀಪಸಮೂಹ. ೧೭೭೪ರ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಕುಕ್ಕನು 'ರೆಸಲ್ಯೂಷನ್' ಎಂಬ ನೌಕೆಯಲ್ಲಿ ಆ ತೀರದ ಬಳಿ ಸಾಗುತ್ತಿದ್ದಾಗ, ದೂರದ ದ್ವೀಪದ ಮೇಲೆ ಎತ್ತರವಾದ ಕಂಬಗಳ ಸಾಲೊಂದು ಕಣ್ಣಿಗೆ ಬಿದ್ದಿತು. ನೌಕೆಯಲ್ಲಿ ವಾದವೆದ್ದಿತು. ಅವು ಬಸಾಲ್ಟ್ ಶಿಲೆಯ ಸ್ತಂಭಗಳೆಂದು ವಿದ್ವಾಂಸರ ಪಕ್ಷ. ಮರಗಳೆಂದು ಕುಕ್ಕನ ಪಕ್ಷ. ಹತ್ತಿರ ಹೋಗಿ ನೋಡಿದಾಗ ಮರಗಳೇ ಆಗಿದ್ದವು! ನಾವಿಕರು ಕೆಲವನ್ನು ಕಡಿದು ನೌಕೆಗೆ ಬೇಕಾದ ಮರಮುಟ್ಟನ್ನು ಮಾಡಿಕೊಂಡರು. ಆ ದ್ವೀಪಕ್ಕೆ 'ಪೈನ್ ಮರಗಳ ದ್ವೀಪ'ವೆಂಬ ಹೆಸರು ನಿಂತಿತು. ಅದೇ ನೌಕೆಯಲ್ಲಿದ್ದ ಫಾರ್ಸ್ಟರ್ ಎಂಬ ಪಂಡಿತನು ೧೭೮೬ರಲ್ಲಿ ಈ ಮರವನ್ನು ವರ್ಣಿಸಿ ಸೈಪ್ರೆಸ್ ಕುಲಕ್ಕೆ ಸೇರಿಸಿದನು. ೧೮೫೨ರಲ್ಲಿ ಹೂಕರನು ಅದನ್ನು ಅರಾಕೇರಿಯಾ ಕುಲಕ್ಕೆ ತಂದನು. ಹೀಗೆ ಅದು ಮೊದಲು ಕಲ್ಲೆನಿಸಿಕೊಂಡು, ಅನಂತರ ಬೇರೊಬ್ಬರ ವಂಶದ್ದೆನಿಸಿಕೊಂಡು, ಕೊನೆಗೆ ತನ್ನ ಮನೆಯನ್ನು ಸೇರಿತು. ಅಲ್ಲಿನ ಮೂಲನಿವಾಸಿಗಳಾದ ಕನಕ ಜನರಿಗೆ ಮಾತ್ರ ಅದರ ವಿಷಯದಲ್ಲಿ ಸಂದೇಹವಿರಲಿಲ್ಲ. ಮುಖ್ಯಸ್ಥನ ಮಹಾಗೃಹಕ್ಕೆ ಹೋಗುವ ದಾರಿಯ ಎರಡು ಬದಿಗೂ ಅದನ್ನು ತೆಂಗಿನೊಡನೆ ನೆಡುವುದು ಅವರ ಸಂಪ್ರದಾಯ.

ಇನ್ನು ಮರದ ರಚನೆಯನ್ನು ನೋಡೋಣ. ನಡುವೆ ನೇರವಾದ ಒಂದೇ ಕಾಂಡ. ಅದರ ಸುತ್ತಲೂ, ರಥದ ಚಕ್ರದ ಅರೆಕಾಲುಗಳಂತೆ, ಒಂದೇ ಮಟ್ಟದಲ್ಲಿ ಕೊಂಬೆಗಳ ಸುತ್ತು. ಸ್ವಲ್ಪ ಮೇಲೆ ಮತ್ತೊಂದು ಸುತ್ತು. ಎಳೆಯ ಗಿಡದಲ್ಲಿ ಎಲೆಗಳು ದಬ್ಬಳದ ಮೊನೆಯಂತೆ ಚೂಪಾಗಿ ಬಿಡಿಬಿಡಿಯಾಗಿರುತ್ತವೆ. ಮರ ಬೆಳೆದಂತೆ ಹೊಸ ಕೊಂಬೆಗಳ ಎಲೆಗಳು ಗಿಡ್ಡವಾಗಿ, ಒಳಬಾಗಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿಕೊಂಡು, ರೆಂಬೆಯನ್ನು ಹುರಿಗೊಳಿಸಿದ ಹಗ್ಗದಂತೆ ಮಾಡುತ್ತವೆ. ಒಂದೇ ಮರಕ್ಕೆ ಬಾಲ್ಯದಲ್ಲಿ ಒಂದು ಎಲೆ, ಪ್ರೌಢಾವಸ್ಥೆಯಲ್ಲಿ ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೆ ಬೇರೆ ಮರಗಳ ಎಲೆಗಳೆಂದು ಯಾರಾದರೂ ಹೇಳಬಹುದು. ಮುದಿಯಾದ ಕೆಳಗಿನ ಕೊಂಬೆಗಳನ್ನು ಮರವು ತಾನೇ ಉದುರಿಸಿ, ಅದೇ ಸ್ಥಳದಲ್ಲಿ ಗಿಡ್ಡವಾದ ಹೊಸ ಕೊಂಬೆಗಳನ್ನು ಹೊರಡಿಸುತ್ತದೆ. ಆ ಕಾರಣದಿಂದಲೇ ಅದು ಛತ್ರಿಯಂತೆ ಹರಡದೆ ಕಂಬವಾಗಿ ಉಳಿಯುತ್ತದೆ. ತೊಗಟೆ ತೆಳುವಾದ ಕಾಗದದಂತೆ ಸುಲಿದು ಬರುತ್ತದೆ. ಗಂಡು ಶಂಕುಗಳೂ ಹೆಣ್ಣು ಶಂಕುಗಳೂ ಒಂದೇ ಮರದಲ್ಲಿ ಇರುತ್ತವೆ. ಹೆಣ್ಣು ಶಂಕು ಗೇಣಿನೊಳಗಿನ ಉದ್ದದ, ಮೊಟ್ಟೆಯಾಕಾರದ ಹಸುರು ಉಂಡೆ. ಒಂದೊಂದು ಹಲ್ಲೆಗೆ ಒಂದೊಂದೇ ಬೀಜ. ಬಲಿತ ಮೇಲೆ ಶಂಕುವು ಮರದಲ್ಲಿಯೇ ಒಡೆದು ಚೂರಾಗುತ್ತದೆ. ತೆಳುವಾದ ಅಂಚುಳ್ಳ ಹಲ್ಲೆಗಳು ಬೀಜಸಹಿತವಾಗಿ ಗಾಳಿಯಲ್ಲಿ ತೇಲಿ ಇಳಿಯುತ್ತವೆ.

ಅರಾಕೇರಿಯಾ ಕುಲದಲ್ಲಿ ಇಂದು ಸುಮಾರು ೨೦ ಜಾತಿಗಳಿವೆ. ಅವುಗಳಲ್ಲಿ ೧೪ರಷ್ಟು ಆ ಪುಟ್ಟ ನ್ಯೂ ಕ್ಯಾಲೆಡೋನಿಯದಲ್ಲಿಯೇ ಇವೆ. ಉಳಿದವು ಆಸ್ಟ್ರೇಲಿಯ, ನಾರ್ಫೋಕ್ ದ್ವೀಪ, ನ್ಯೂ ಗಿನಿ, ದಕ್ಷಿಣ ಅಮೆರಿಕಗಳಲ್ಲಿ ಹಂಚಿಹೋಗಿವೆ. ಕುಲದ ಹೆಸರು ಬಂದದ್ದೇ ಚಿಲಿ ದೇಶದ ಅರೌಕೊ ಎಂಬ ಸ್ಥಳದಿಂದ. ಸಮುದ್ರಗಳ ಆಚೆ ಈಚೆ ಇಷ್ಟು ದೂರದೂರ ಚದುರಿದ ಬಂಧುಗಳು ಒಂದು ಕಾಲದಲ್ಲಿ ಒಂದೇ ಮನೆಯಲ್ಲಿ ಇದ್ದವರು. ಆ ಮನೆಗೆ ಭೂವಿಜ್ಞಾನಿಗಳು ಗೊಂಡ್ವಾನ ಎಂದು ಹೆಸರಿಟ್ಟಿದ್ದಾರೆ. ದಕ್ಷಿಣ ಅಮೆರಿಕ, ಆಫ್ರಿಕ, ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳೊಡನೆ ನಮ್ಮ ಭಾರತವೂ ಆ ಮಹಾಖಂಡದ ಒಂದು ತುಂಡು. ಆ ಹೆಸರು ಹುಟ್ಟಿದ್ದು ಮಧ್ಯಭಾರತದ ಗೊಂಡರ ನಾಡಿನಿಂದಲೇ.

ಬಿಹಾರದ ಅಂಚಿನಲ್ಲಿ, ಈಗಿನ ಝಾರ್ಖಂಡ್ ರಾಜ್ಯದಲ್ಲಿರುವ ರಾಜಮಹಲ್ ಬೆಟ್ಟಗಳಲ್ಲಿಯೂ, ಗುಜರಾತಿನ ಕಚ್ಛದಲ್ಲಿಯೂ ಅರಾಕೇರಿಯಾ ವಂಶದ ಶಂಕುಗಳ ಶಿಲಾವಶೇಷಗಳು ದೊರೆತಿವೆ. ಹತ್ತು ಕೋಟಿ ವರ್ಷಗಳಿಗೂ ಹಿಂದಿನವು ಅವು. ಪ್ರಾಧ್ಯಾಪಕ ಬೀರಬಲ್ ಸಾಹ್ನಿಯವರು ೧೯೨೮ ಮತ್ತು ೧೯೩೧ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಭಾರತದ ಸೂಚಿಪರ್ಣಿಗಳ ಶಿಲಾವಶೇಷಗಳನ್ನೆಲ್ಲ ಮರುಪರಿಶೀಲಿಸಿದರು. ಅದಕ್ಕೂ ಮೊದಲು, ೧೯೨೦ರಲ್ಲಿ, ನ್ಯೂ ಕ್ಯಾಲೆಡೋನಿಯದ್ದೇ ಆದ ಆಕ್ಮೊಪೈಲೆ ಎಂಬ ಸೂಚಿಪರ್ಣಿಯ ಅಂಗರಚನೆಯನ್ನು ಕುರಿತು ಅವರು ಬರೆದಿದ್ದರು. ೧೯೪೯ರ ಏಪ್ರಿಲ್ ೩ರಂದು ಲಖನೌದಲ್ಲಿ ಅವರ ಸಂಸ್ಥೆಯ ಕಟ್ಟಡಕ್ಕೆ ಪಂಡಿತ ನೆಹರೂ ಅವರು ಅಡಿಗಲ್ಲನ್ನಿಟ್ಟರು; ಒಂದು ವಾರದಲ್ಲಿಯೇ ಸಾಹ್ನಿಯವರು ತೀರಿಕೊಂಡರು. ಅವರ ಹೆಸರಿನ ಆ ಸಂಸ್ಥೆ ಇಂದಿಗೂ ಶಿಲೆಗಳಲ್ಲಿ ಹುದುಗಿದ ಸಸ್ಯಗಳನ್ನು ಓದುತ್ತಿದೆ.

ಇದನ್ನು ತಿಳಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಲಾಲ್‌ಬಾಗಿನ ಸ್ತಂಭವೃಕ್ಷ ಪರದೇಶದ್ದೆ, ಸ್ವದೇಶದ್ದೆ? ಹಡಗಿನ ಲೆಕ್ಕದಲ್ಲಿ ಅದು ಪರದೇಶದ್ದು. ಕಲ್ಲಿನ ಲೆಕ್ಕದಲ್ಲಿ ಅದರ ವಂಶದವರು ಈ ನೆಲದಲ್ಲಿ ಹಿಮಾಲಯವು ತಲೆಯೆತ್ತುವ ಮೊದಲೇ ನಿಂತಿದ್ದರು. ಊರು ಬಿಟ್ಟು ಊರಿಗೆ ಬಂದು ಬದುಕುವವನಿಗೆ ಇಂತಹ ಪ್ರಶ್ನೆಗಳು ಬರಿಯ ಪುಸ್ತಕದ ಪ್ರಶ್ನೆಗಳಾಗಿ ಉಳಿಯುವುದಿಲ್ಲ.

ಈ ಮರದ ವಿಚಾರದಲ್ಲಿ ಇನ್ನೊಂದು ಸೋಜಿಗವುಂಟು. ಅದು ನೆಟ್ಟಗೆ ನಿಲ್ಲುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಗಾಳಿಗೆ ಬಾಗಿದ ಮರಗಳನ್ನು ಎಲ್ಲರೂ ಕಂಡಿದ್ದಾರೆ. ಇದರ ಓರೆ ಅಂತಹುದಲ್ಲ. ಕ್ಯಾಲಿಫೋರ್ನಿಯದ ಸಸ್ಯಶಾಸ್ತ್ರಜ್ಞರು ಐದು ಖಂಡಗಳ ೧೮ ಪ್ರದೇಶಗಳಲ್ಲಿ ೨೫೬ ಮರಗಳನ್ನು ಅಳೆದು, ೨೦೧೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಭೂಮಧ್ಯರೇಖೆಯ ಉತ್ತರಕ್ಕಿರುವ ಮರಗಳು ದಕ್ಷಿಣಕ್ಕೆ ವಾಲಿವೆ. ದಕ್ಷಿಣಕ್ಕಿರುವ ಮರಗಳು ಉತ್ತರಕ್ಕೆ ವಾಲಿವೆ. ಎಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೇ ಅವುಗಳ ಒಲವು. ಸರಾಸರಿ ಓರೆ ಎಂಟೂವರೆ ಡಿಗ್ರಿ, ಎಂದರೆ ಪೀಸಾ ನಗರದ ಹೆಸರಾಂತ ಗೋಪುರದ ಓರೆಯ ಇಮ್ಮಡಿ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಓರೆ ಹೆಚ್ಚು. ಸೂರ್ಯನ ಬೆಳಕಿನ ಕೋನಕ್ಕೆ ಅದು ತೋರುವ ಪ್ರತಿಕ್ರಿಯೆ ಇರಬಹುದೆಂದು ಊಹಿಸಿದ್ದಾರೆ, ಕಾರಣ ಸಿದ್ಧವಾಗಿಲ್ಲ. ಬೆಂಗಳೂರು ೧೩ನೆಯ ಅಕ್ಷಾಂಶದಲ್ಲಿದೆ, ದೆಹಲಿ ೨೮ನ್ನು ದಾಟಿದೆ. ಹಾಗಾದರೆ ನಿಯಮದಂತೆ ದೆಹಲಿಯಲ್ಲಿ ಬೆಳೆದ ಮರವು ಬೆಂಗಳೂರಿನ ಮರಕ್ಕಿಂತ ಹೆಚ್ಚಾಗಿ ದಕ್ಷಿಣಕ್ಕೆ ಬಾಗಬೇಕು. ಇದನ್ನು ಮೊದಲು ಓದಿದ ರಾತ್ರಿ ನಾನು ಬಹಳ ಹೊತ್ತು ನಿದ್ರೆ ಮಾಡಲಿಲ್ಲ.

ಆದರೆ ಮರವು ಊರನ್ನು ನೆನೆದು ಬಾಗುತ್ತದೆಂದು ಹೇಳುವುದು ಕವಿಗಳಿಗೆ ಬಿಟ್ಟ ಮಾತು. ನನಗೆ ಪಾಠವನ್ನು ಕಲಿಸಿದ್ದು ಅದರ ಓರೆಯಲ್ಲ, ಅದರ ಕೊಂಬೆ. ಆ ಸಂಗತಿಯನ್ನು ಹೇಳಬೇಕಾದರೆ ಲಕ್ಷ್ಮೀ ನಗರಕ್ಕೆ ಬರಬೇಕು.

ಲಕ್ಷ್ಮೀ ನಗರ ಯಮುನೆಯ ಪೂರ್ವದ ದಡದಲ್ಲಿದೆ. ವಿಕಾಸ ಮಾರ್ಗದ ಮೇಲೆ ಮೆಟ್ರೋ ಓಡುತ್ತದೆ. ಅದರ ಇಕ್ಕೆಲಗಳಲ್ಲಿ ಲೆಕ್ಕಪರಿಶೋಧಕರ ಪರೀಕ್ಷೆಗೆ ತರಬೇತಿ ಕೊಡುವ ಕೇಂದ್ರಗಳ ಫಲಕಗಳು ಗೋಡೆ ಕಾಣದಂತೆ ತುಂಬಿವೆ. ಒಳಗಿನ ಗಲ್ಲಿಗಳಲ್ಲಿ ಮನೆಗೆ ಮನೆ ತಾಗಿದೆ, ತಲೆಯ ಮೇಲೆ ವಿದ್ಯುತ್ತಿನ ತಂತಿಗಳ ಜಡೆ. ನೆಲದಲ್ಲಿ ಮರಕ್ಕೆ ಸ್ಥಳವಿಲ್ಲದ್ದರಿಂದ ಗಿಡಗಳೆಲ್ಲ ಮಾಳಿಗೆಯನ್ನು ಹತ್ತಿವೆ. ನಾವು ಬಾಡಿಗೆಗಿರುವ ಮನೆಯ ಮಾಳಿಗೆಯಲ್ಲಿ ಒಂದು ಕುಂಡವಿದೆ. ಅದರಲ್ಲಿ ಒಂದು ಅರಾಕೇರಿಯಾ. ಮನೆಯ ಯಜಮಾನಿತಿ ಗಢವಾಲದ ಬೆಟ್ಟಗಳಿಂದ ಬಂದ ವೃದ್ಧೆ. ಆಕೆ ಅದನ್ನು 'ದೇವದಾರು' ಎಂದೇ ಕರೆಯುತ್ತಾರೆ. ದೇವದಾರುವಿನ ಎಲೆಗಳು ಗಿಡ್ಡ ರೆಂಬೆಗಳ ಮೇಲೆ ಗೊಂಚಲುಗೊಂಚಲಾಗಿರುತ್ತವೆ, ಅದರ ಕುಟುಂಬವೇ ಬೇರೆ. ಆದರೂ ಆಕೆಯ ಮುಂದೆ ನಾನು ಶಾಸ್ತ್ರವನ್ನು ತೆಗೆಯುವುದಿಲ್ಲ; ಐವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಬೆಟ್ಟವನ್ನು ಆ ಕುಂಡದಲ್ಲಿ ಆಕೆ ಕಾಣುತ್ತಿರುವಾಗ ಅಡ್ಡಬರಲು ನಾನು ಯಾರು?

ಆಕೆಯ ಚಿಂತೆ ಬೇರೆ. "ಮಾಸ್ಟರ್‌ಜೀ, ಆರು ವರ್ಷವಾಯಿತು, ಇದು ಮೇಲಕ್ಕೇ ಏಳುವುದಿಲ್ಲ, ನೋಡಿ" ಎಂದು ಒಮ್ಮೆ ಹೇಳಿದರು. ನಿಜವೇ. ಬಿದಿರುಕೋಲು ನೆಟ್ಟು ದಾರದಿಂದ ಕಟ್ಟಿದ್ದರೂ ಗಿಡವು ಕುಂಡದ ಅಂಚನ್ನು ದಾಟಿ ಅಡ್ಡಡ್ಡಲಾಗಿ ಚಾಚುತ್ತಿತ್ತು. ವಿಚಾರಿಸಿದಾಗ, ಯಾರದೋ ಮನೆಯ ಮರದಿಂದ ಮುರಿದು ತಂದ ಕೊಂಬೆಯನ್ನು ಊರಿ ಬೇರು ಬರಿಸಿದ್ದೆಂದು ತಿಳಿಯಿತು. ಕಾರಣ ಅಲ್ಲಿಯೇ ಇತ್ತು. ಅರಾಕೇರಿಯಾದಲ್ಲಿ ನೆತ್ತಿಯ ಕುಡಿಯೊಂದೇ ಮೇಲ್ಮುಖವಾಗಿ ಬೆಳೆಯುತ್ತದೆ; ಪಕ್ಕದ ಕೊಂಬೆಗೆ ಪಕ್ಕಕ್ಕೆ ಬೆಳೆಯುವುದೇ ಸ್ವಭಾವ. ಆ ಕೊಂಬೆಯನ್ನು ಕತ್ತರಿಸಿ ನೆಟ್ಟರೆ ಬೇರು ಬಿಡುತ್ತದೆ, ಚಿಗುರುತ್ತದೆ, ಹಸುರಾಗಿಯೇ ಇರುತ್ತದೆ; ಆದರೆ ತಾನು ಕೊಂಬೆಯೆಂಬುದನ್ನು ಮರೆಯದೆ ವರ್ಷಗಟ್ಟಲೆ ಅಡ್ಡಲಾಗಿಯೇ ಹರಿಯುತ್ತದೆ. ಕೋಲು ಕಟ್ಟಿದರೂ ಅಷ್ಟೆ, ಗೊಬ್ಬರ ಹಾಕಿದರೂ ಅಷ್ಟೆ. ಮರವಾಗಬೇಕಾದರೆ ಬೀಜವನ್ನು ಬಿತ್ತಬೇಕು, ಇಲ್ಲವೆ ನೆತ್ತಿಯ ಕುಡಿಯನ್ನೇ ನೆಡಬೇಕು. ಈ ಗುಣಕ್ಕೆ ಅರಾಕೇರಿಯಾವನ್ನೇ ಉದಾಹರಣೆಯಾಗಿ ಕೊಡುವುದು ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಬಹುಕಾಲದ ರೂಢಿ.

ಇದು ತಿಳಿದಾಗ ನನ್ನ ಮುಂದೆ ನಿಂತದ್ದು ಗಿಡವಲ್ಲ, ನನ್ನ ತರಗತಿ. ಮೊದಲು ಏಳು ಮಕ್ಕಳು ಬರುತ್ತಿದ್ದರು. ಈಗ ಮೂವರು ಉಳಿದಿದ್ದಾರೆ. ಮಗುವನ್ನು ಬಿಡಿಸಿದ ತಂದೆಯೊಬ್ಬರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಅಜ್ಜಿಯೊಡನೆ ಫೋನಿನಲ್ಲಿ ನಾಲ್ಕು ಮಾತು ಆಡಿದರೆ ಸಾಕು. ಅಕ್ಷರ ಯಾತಕ್ಕೆ? ಇಲ್ಲಿ ಅದಕ್ಕೆ ಅಂಕವಿಲ್ಲವಲ್ಲ." ಅವರ ಮಾತಿನಲ್ಲಿ ಸುಳ್ಳಿಲ್ಲ. ನನ್ನ ಮನೆಯಲ್ಲಿಯೂ ಅದೇ ಕಥೆ. ಏಳು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಹೇಳುತ್ತಾಳೆ. 'ಊಟ', 'ಬಾ', 'ಬೇಡ', 'ಅಜ್ಜಿ' ಎಂಬ ಮಾತುಗಳು ಅವಳ ಬಾಯಲ್ಲಿ ಹಸುರಾಗಿಯೇ ಇವೆ. ಅವು ಒಣಗಿಲ್ಲ, ಮೇಲಕ್ಕೂ ಏಳುವುದಿಲ್ಲ. ಅಡುಗೆಮನೆಯ ನಾಲ್ಕು ಮಾತು ಮುರಿದು ತಂದ ಪಕ್ಕದ ಕೊಂಬೆ. ಅಕ್ಷರ, ಓದು, ಕಥೆ, ಕಾವ್ಯ, ಮಳೆ ಏಕೆ ಬರುತ್ತದೆಂಬುದನ್ನು ಕನ್ನಡದಲ್ಲಿಯೇ ಕೇಳಿ ಕನ್ನಡದಲ್ಲಿಯೇ ತಿಳಿಯುವುದು, ಇದು ನೆತ್ತಿಯ ಕುಡಿ.

ಅಂದಿನಿಂದ ನಾನು ಪಾಠದ ಕ್ರಮವನ್ನು ಬದಲಿಸಿದ್ದೇನೆ. ಸಂಭಾಷಣೆಯ ವಾಕ್ಯಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ವಿಷಯವೊಂದನ್ನು ಎತ್ತಿಕೊಂಡು ಅದರ ಬುಡದಿಂದ ಹೊರಡುತ್ತೇವೆ. ಮೊದಲ ವಿಷಯ ಮಾಳಿಗೆಯ ಆ ಕುಂಡವೇ ಆಯಿತು. ಬೇರು, ಕಾಂಡ, ಕುಡಿ, ಹಲ್ಲೆ, ಶಂಕು. ಮೂವರು ಮಕ್ಕಳೊಡನೆ ನನ್ನ ಮಗಳೂ ಕುಳಿತು ಇವನ್ನು ಬರೆದಳು. 'ಅನಾವೃತಬೀಜಿ' ಎಂಬುದನ್ನು ಬಿಡಿಸಿ ಹೇಳಿದಾಗ, "ಹಾಗಾದರೆ ಅದಕ್ಕೆ ಚಳಿಯಾಗುವುದಿಲ್ಲವೆ, ಅಪ್ಪ?" ಎಂದು ಕೇಳಿದಳು. ಕನ್ನಡದಲ್ಲಿಯೇ ಕೇಳಿದಳು. ಮರುದಿನ ಮತ್ತೆ ಹಿಂದಿಗೆ ತಿರುಗಿದ್ದೂ ಉಂಟು. ಕುಡಿ ಒಂದೇ ದಿನದಲ್ಲಿ ಮರವಾಗುವುದಿಲ್ಲ. ವೃದ್ಧೆಯೂ ಬಿದಿರುಕೋಲನ್ನು ಬಿಚ್ಚಿದ್ದಾರೆ; ಅಡ್ಡಲಾಗಿ ಹರಡಿದ ಆ ಗಿಡಕ್ಕೂ ಮೊದಲಿನಂತೆಯೇ ನೀರೆರೆಯುತ್ತಾರೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ಲಾಲ್‌ಬಾಗು ದೂರವಿಲ್ಲ. ಒಂದು ಭಾನುವಾರ ಹೋಗಿ ಬನ್ನಿ. ದಾರಕ್ಕೆ ಒಂದು ಸಣ್ಣ ಕಲ್ಲನ್ನು ಕಟ್ಟಿ, ತೋಳನ್ನು ಚಾಚಿ ತೂಗಬಿಟ್ಟು, ದಾರದ ಗೆರೆಗೂ ಸ್ತಂಭವೃಕ್ಷದ ಕಾಂಡಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಮರದ ಪೂರ್ವಕ್ಕೆ ನಿಂತು ನೋಡಿ. ವಾಲಿರುವುದು ದಕ್ಷಿಣಕ್ಕೆ ಹೌದೋ ಅಲ್ಲವೋ ಗೊತ್ತಾಗುತ್ತದೆ. ಒಂದೇ ಮರವನ್ನು ನೋಡಿ ತೀರ್ಮಾನಿಸಬೇಡಿ, ಹತ್ತನ್ನು ನೋಡಿ. ಕೆಳಗೆ ಉದುರಿದ ರೆಂಬೆಯನ್ನು ಎತ್ತಿಕೊಂಡು ಎಲೆ ದಬ್ಬಳದಂತಿದೆಯೋ ಹುರುಪೆಯಂತಿದೆಯೋ ಪರೀಕ್ಷಿಸಿ. 'ಕ್ರಿಸ್ಮಸ್ ಮರ'ಕ್ಕಿಂತಲೂ, ನನ್ನ 'ಸ್ತಂಭವೃಕ್ಷ'ಕ್ಕಿಂತಲೂ ಒಳ್ಳೆಯ ಕನ್ನಡ ಹೆಸರು ಹೊಳೆದರೆ ಅದನ್ನೂ ಗುರುತುಹಾಕಿಕೊಳ್ಳಿ. ಕಂಡದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ನಿಮ್ಮ ಉಪಾಧ್ಯಾಯರ ಮೂಲಕ ನನಗೆ ಕಳುಹಿಸಿಕೊಡಿ. ಲಕ್ಷ್ಮೀ ನಗರದ ನಾಲ್ವರು ಮಕ್ಕಳಿಗೆ ಮುಂದಿನ ಪಾಠಕ್ಕೆ ಒಂದು ಓದು ಬೇಕಾಗಿದೆ.